ಮೆಣಸಿನ ಸರಣಿಯ ಮೂರನೇ ಭಾಗ: ಓದಿ ಮುಗಿಸಿದವರು ಬನ್ನಿ, ಸ್ವಲ್ಪ ಜಗಳವಾಡೋಣ

ಮಾಟುಂಗಾ ಮಧ್ಯಾಹ್ನ

ನಿನ್ನೆ ರಾತ್ರಿ ಒಂದೂವರೆಗೆ ಮುಗಿಸಿದೆ. ಪುಸ್ತಕವನ್ನು ಫ್ರಿಜ್ ಮೇಲಿಟ್ಟು ದೀಪ ಆರಿಸಿದೆ. ಮತ್ತೆ ಎದ್ದು ದೀಪ ಹಾಕಿ ಕೊನೆಯ ಅಧ್ಯಾಯ ಇನ್ನೊಮ್ಮೆ ಓದಿದೆ. ಇಷ್ಟ ಆಯಿತಾ ಅಂದರೆ ಉತ್ತರ ಇಲ್ಲ. ಸಿಟ್ಟು ಬಂತಾ ಅಂದರೆ, ಹೂಂ, ಸ್ವಲ್ಪ ಬಂತು. ಅದಕ್ಕೇ ಈ ಚರ್ಚೆ. ಕಥೆ ಪೂರ್ತಿ ಬಿಚ್ಚಿ ಮಾತಾಡುತ್ತೇವೆ, ಓದದವರು ಆಮೇಲೆ ನನ್ನನ್ನು ಬೈಯಬೇಡಿ.

ಮರೆತವರಿಗೆ: ಮೊದಲ ಭಾಗ 1510ರ ಹೊನ್ನಾವರ. ಅಲ್ಲಿಯ ಕಡಲ ದಳಪತಿ ತಿಮ್ಮೋಜನ ಹಡಗುಗಳು, ಪೋರ್ಚುಗೀಸರ ದಂಡನಾಯಕ ಆಲ್ಬುಕರ್ಕ್ ಗೋವೆ ಹಿಡಿದದ್ದು, ಕಳೆದುಕೊಂಡದ್ದು, ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಹಿಡಿದದ್ದು. ಇಷ್ಟೆಲ್ಲ ಗದ್ದಲದ ನಡುವೆ ದೋಣಿ ಮನೆಯ ಹುಡುಗಿ, ಹೊರ್ಮುಜ್‌ನಿಂದ ಕುದುರೆ ತರುವ ಹುಡುಗ. ಎರಡನೆಯದು ಅವರ ಮಗಳ ಕಥೆ, ಗೋವೆಯಲ್ಲಿ ಪೋರ್ಚುಗೀಸ್ ಸಿಪಾಯಿಯನ್ನು ಕಟ್ಟಿಕೊಂಡವಳು. ಈಗ ಮೂರನೆಯದು 1560ರ ದಶಕದ್ದು. ಹುಡುಗ ಆ ಸಿಪಾಯಿಯ ಮಗ, ಗೋವೆಯ ಗುಮಾಸ್ತ. ಹುಡುಗಿ ಗೇರುಸೊಪ್ಪೆಯ ಮೆಣಸಿನ ವ್ಯಾಪಾರದ ಜೈನ ಮನೆಯವಳು.

ನನ್ನ ತಕರಾರು ಒಂದೇ. ಮೊದಲ ಭಾಗದಲ್ಲಿ ಆ ಹುಡುಗಿ ಹೇಗೆ ಕಾಯುತ್ತಾಳೆ ನೆನಪಿದೆಯಾ? ಗಾಳಿ ತಿರುಗಲಿ ಅಂತ ಕಾಯುತ್ತಾಳೆ, ಮಳೆಗಾಲ ಮುಗಿಯಲಿ ಅಂತ ಕಾಯುತ್ತಾಳೆ, ಅವಳ ಅಮ್ಮ ಉಪ್ಪಿನಕಾಯಿ ಭರಣಿಯನ್ನು ಮೂರು ಸಲ ತೊಳೆದು ಮೂರು ಸಲ ತುಂಬುತ್ತಾಳೆ, ಅವನು ಮಾತ್ರ ಬರುವುದಿಲ್ಲ. ಮೂರು ವರ್ಷ ಅಂತ ಲೇಖಕಿ ಎಲ್ಲೂ ಬರೆದಿಲ್ಲ. ಭರಣಿ ಹೇಳುತ್ತದೆ. ಈ ಭಾಗದಲ್ಲಿ ಹುಡುಗ ಪುಟ 140ರಲ್ಲಿ ಲಿಸ್ಬನ್‌ಗೆ ಹಡಗು ಹತ್ತುತ್ತಾನೆ. ಪುಟ 147ರಲ್ಲಿ ಅವಳ ಕಾಗದಕ್ಕೆ ಅವನ ಉತ್ತರ ಕೈಗೆ ಬಂದಿದೆ. ಮಧ್ಯೆ ನಾಲ್ಕು ತಿಂಗಳು. ಸ್ಪೀಡ್ ಪೋಸ್ಟಾ?

ಡೊಂಬಿವಲಿ ಫಾಸ್ಟ್

ಅಕ್ಕಾ, ನೀವು ಕಾದಂಬರಿ ಓದುತ್ತೀರೋ ರೈಲ್ವೆ ಟೈಂಟೇಬಲ್ ಓದುತ್ತೀರೋ? ನಾನು ಎರಡು ದಿನದಲ್ಲಿ ಮುಗಿಸಿದೆ, ಅದೂ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತುಕೊಂಡು. ಅವನು ಅವಳ ಅಂಗೈಗೆ ಮೆಣಸಿನ ಕಾಳು ಒಂದೊಂದೇ ಎಣಿಸಿ ಹಾಕುತ್ತಾನಲ್ಲ, ಲೆಕ್ಕ ತಪ್ಪಿದ ಹಾಗೆ ನಟಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಾನಲ್ಲ, ಅಲ್ಲಿ ನಾನು ಠಾಣೆಯಲ್ಲಿ ಇಳಿಯುವವರಿಗೆ ದಾರಿ ಬಿಡದೆ ಮೂರು ಭಾಷೆಯಲ್ಲಿ ಬೈಸಿಕೊಂಡೆ. ನನಗೆ ಅಷ್ಟು ಸಾಕು. ದಿನಕ್ಕೆ ಹತ್ತು ಗಂಟೆ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಪ್ರೇಮಕಥೆಯಲ್ಲೂ ಲೆಕ್ಕ ಹಿಡಿದು ಕೂರಬೇಕಾ?

ನಮ್ಮ ಅಮ್ಮನಿಗೂ ಓದಿ ಹೇಳಿದೆ, 72 ವರ್ಷ ಅವರಿಗೆ, ಕಣ್ಣಿನ ಆಪರೇಷನ್ ಆಗಿದೆ. ಅವರ ತೀರ್ಪು: "ಹುಡುಗ ಒಳ್ಳೆಯವನು, ಆದರೆ ಸ್ವಲ್ಪ ಪೆದ್ದ."

ನೆರುಳ್‌ನ ಕುಂದಾಪ್ರದವಳು

ನಾನು ಮಾಟುಂಗಾದವರ ಪಕ್ಷ. ಅವನು ಆಷಾಢದಲ್ಲಿ, ಆಷಾಢದಲ್ಲಿ ಸ್ವಾಮೀ, ಸಣ್ಣ ಹಾಯಿದೋಣಿಯಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬರುತ್ತಾನೆ. ಅವಳ ಹುಟ್ಟುಹಬ್ಬಕ್ಕೆ! ನಮ್ಮ ಮಾವ ಮೀನುಗಾರರು. ಈಗಲೂ ಜೂನ್, ಜುಲೈ ಎರಡು ತಿಂಗಳು ಇಂಜಿನ್ ಬೋಟುಗಳೇ ದಡದಲ್ಲಿ ನಿಂತಿರುತ್ತವೆ, ಸರ್ಕಾರದ ನಿಷೇಧ. ಆ ಕಾಲದಲ್ಲಿ ಗೋವೆಯ ಬಂದರೇ ಮಳೆಗಾಲಕ್ಕೆ ಬಾಗಿಲು ಹಾಕುತ್ತಿತ್ತು, ದೊಡ್ಡ ದೊಡ್ಡ ಹಡಗುಗಳೇ ಅಲುಗುತ್ತಿರಲಿಲ್ಲ. ಇವನು ಬರುತ್ತಾನೆ, ಅಂಗಿ ಒದ್ದೆಯಾಗಿ ಮೈಗೆ ಅಂಟಿರುತ್ತದೆ, ಅದರ ವರ್ಣನೆ ಅರ್ಧ ಪುಟ.

ಆ ಅರ್ಧ ಪುಟ ಎರಡು ಸಲ ಓದಿದೆ, ಅದು ಬೇರೆ ವಿಷಯ.

ವಾಸ್ಕೋ ಬಂದರು

ಗೋವಾದಿಂದ ಒಂದು ದೂರು. ಹುಟ್ಟಿದ್ದು ಹಾವೇರಿ ಕಡೆ, ವಾಸ್ಕೋಗೆ ಬಂದು 26 ವರ್ಷ ಆಯಿತು. ಊರಿಂದ ನೆಂಟರು ಬಂದಾಗಲೆಲ್ಲ ಹಳೇ ಗೋವಾ ತೋರಿಸುವ ಕೆಲಸ ನನಗೇ ಬರುತ್ತದೆ, ಹಾಗಾಗಿ ಅಲ್ಲಿಯ ಕಲ್ಲು ಕಲ್ಲೂ ಪರಿಚಯ. ಪುಟ 96ರಲ್ಲಿ ನಾಯಕ ಬಾಂ ಜೀಸಸ್ ಚರ್ಚಿನ ಮೆಟ್ಟಿಲ ಮೇಲೆ ನಿಂತು ಆಣೆ ಮಾಡುತ್ತಾನೆ. ವರ್ಷ 1562. ಆ ಚರ್ಚ್ ಕಟ್ಟಲು ಶುರು ಮಾಡಿದ್ದೇ 1594ರಲ್ಲಿ. ಅವನು ಆಣೆ ಮಾಡಿದ್ದು ಖಾಲಿ ಜಾಗದಲ್ಲಿ. ಅದಕ್ಕೇ ಫಲಿಸಲಿಲ್ಲ ಅಂತ ಕಾಣುತ್ತದೆ.

ಬೇಕಿದ್ದರೆ ಜಾಗಕ್ಕೇನು ಬರವಿತ್ತಾ? ಆದಿಲ್ ಶಾಹಿ ಅರಮನೆಯ ಬಾಗಿಲ ಚೌಕಟ್ಟು ಇವತ್ತಿಗೂ ನಿಂತಿದೆ, ಹಿಂದೆ ಅರಮನೆ ಇಲ್ಲ, ಬರೀ ಬಾಗಿಲು. ಆಲ್ಬುಕರ್ಕ್ ಗೆದ್ದ ನೆನಪಿಗೆ ಕಟ್ಟಿಸಿದ ಸೇಂಟ್ ಕ್ಯಾಥರೀನ್ ಪ್ರಾರ್ಥನಾ ಮಂದಿರ ಇದೆ. ಅಪ್ಪನ ಕಡೆಯವರು ಗೆದ್ದದ್ದು ಅಲ್ಲೇ, ಅಜ್ಜಿಯ ಕಡೆಯವರು ದೋಣಿ ಕೊಟ್ಟದ್ದೂ ಅದೇ ಯುದ್ಧಕ್ಕೆ. ಅಲ್ಲಿ ನಿಲ್ಲಿಸಿದ್ದರೆ ಆಣೆಗೆ ಎಷ್ಟು ತೂಕ ಬರುತ್ತಿತ್ತು.

ಕೋಥ್ರುಡ್ ಕಣ್ಣು

ಪುಣೆಯಿಂದ ನಮಸ್ಕಾರ. ಚರ್ಚಿಗಿಂತ ದೊಡ್ಡದು ಪುಟ 33ರಲ್ಲಿದೆ. ಗೇರುಸೊಪ್ಪೆಯ ಅಜ್ಜಿ ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾಳೆ. ಬಾಬಾ ಬುಡನ್ ಬೀಜ ತಂದ ಕಥೆಯೇ 17ನೇ ಶತಮಾನದ್ದು. ಅಜ್ಜಿಗೆ ನೂರು ವರ್ಷ ಮೊದಲೇ ಯಾರು ಡಿಕಾಕ್ಷನ್ ಇಳಿಸಿ ಕೊಟ್ಟರು?

ಇನ್ನೊಂದು, ನಾಯಕಿ ಮಹಡಿ ಕಿಟಕಿ ತೆರೆದರೆ ಜೋಗ ಕಾಣುತ್ತದಂತೆ. ಇದು ಯಾಕೆ ಆಯಿತು ಗೊತ್ತಾ? ಇಂಗ್ಲಿಷರು ಜೋಗಕ್ಕೆ ಗೇರುಸೊಪ್ಪೆ ಜಲಪಾತ ಅಂತಲೇ ಕರೆದರು. ಹಳೆಯ ಪುಸ್ತಕಗಳಲ್ಲಿ ಅದೇ ಹೆಸರು. ಯಾರೋ ಅದನ್ನು ಓದಿ, ಊರೂ ಜಲಪಾತವೂ ಅಕ್ಕಪಕ್ಕ ಅಂದುಕೊಂಡಿದ್ದಾರೆ. ಗೇರುಸೊಪ್ಪೆ ಘಟ್ಟದ ಬುಡದಲ್ಲಿದೆ, ಜೋಗ ಘಟ್ಟದ ಮೇಲೆ. ಮಧ್ಯೆ ಹೊಟ್ಟೆ ತೊಳಸುವಷ್ಟು ತಿರುವು ಇರುವ ರಸ್ತೆ. 253 ಮೀಟರ್ ಎತ್ತರದ ಜಲಪಾತವೇ ಆದರೂ ಗುಡ್ಡದ ಮೂಲಕ ಕಾಣಲು ಆಗುವುದಿಲ್ಲ.

ಡೊಂಬಿವಲಿ ಫಾಸ್ಟ್

ಕಾಫಿಗೆ ಮಾತ್ರ ಕೈ ಹಾಕಬೇಡಿ, ಪ್ಲೀಸ್.

ಕೋಥ್ರುಡ್ ಕಣ್ಣು

ಹೊಗಳುವುದೂ ಇದೆ, ಕೇಳಿ. ಕೆಲವರು ಇಲ್ಲಿ "ಗೇರುಸೊಪ್ಪೆಯ ಮನೆಯಲ್ಲಿ ಚಾವಿ, ಸಾಬೂನು, ಪಾದ್ರಿ ಅಂತೆಲ್ಲ ಮಾತಾಡುತ್ತಾರೆ, ಆ ಕಾಲದ ಕನ್ನಡ ಅಲ್ಲ" ಅನ್ನಬಹುದು. ಈ ಒಂದು ವಿಷಯದಲ್ಲಿ ಲೇಖಕಿ ಜಾಣೆ. ಚಾವಿ, ಪಾದ್ರಿ ಬಂದದ್ದೇ ಪೋರ್ಚುಗೀಸರಿಂದ. ನಾವು ಮುಂಬೈ, ಪುಣೆಯಲ್ಲಿ ತಿಂಗಳ ಕೊನೆಗೆ ಕಾಯುವ ಪಗಾರವೂ ಅಲ್ಲಿಯದೇ. ಐವತ್ತು ವರ್ಷ ಪಕ್ಕದಲ್ಲಿ ಕೂತು ಮೆಣಸು ತೂಗಿದ ಮೇಲೆ ಒಂದು ಚಾವಿ ಬಾಯಿಗೆ ಬರುವುದಿಲ್ಲವಾ? ಪುಸ್ತಕದಲ್ಲಿ ಅಜ್ಜಿ ಬೀಗದಕೈ ಅನ್ನುತ್ತಾಳೆ, ಮೊಮ್ಮಗಳು ಚಾವಿ ಅನ್ನುತ್ತಾಳೆ. ಅಜ್ಜಿ ಮುಖ ಸಿಂಡರಿಸುತ್ತಾಳೆ. ಎರಡೇ ಸಾಲು, ಆದರೆ ಎರಡು ತಲೆಮಾರು ಅದರಲ್ಲೇ ಬಂದುಬಿಟ್ಟಿತು.

ಬಸದಿ ಬೆಳಕು

ಮೂಡಬಿದಿರೆ ಮೂಲ, ಈಗ ಮೀರಾ ರೋಡ್. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು.

ನಾಯಕಿಯ ಮನೆಯಲ್ಲಿ ರಾತ್ರಿ ದೀಪದ ಬೆಳಕಲ್ಲಿ ಊಟ ಬಡಿಸುತ್ತಾರೆ. ಅಷ್ಟು ಸಂಪ್ರದಾಯದ ಜೈನ ಮನೆ ಅಂತ ಹತ್ತು ಸಲ ಹೇಳಿ, ಸೂರ್ಯ ಮುಳುಗಿದ ಮೇಲೆ ಎಲೆ ಹಾಕಿದರೆ ಹೇಗೆ? ನಾನು ಅಂಧೇರಿಯಲ್ಲಿ ಕೆಲಸ ಮಾಡುತ್ತೇನೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಕತ್ತಲು. ಚಾತುರ್ಮಾಸದಲ್ಲಿ, ಪರ್ವದ ದಿನಗಳಲ್ಲಿ ನಾನು ನಿಯಮ ಇಟ್ಟುಕೊಂಡಾಗ ಐದೂವರೆಗೆ ಆಫೀಸಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಖಾಲಿ ಮಾಡುತ್ತೇನೆ, ಚಪಾತಿ ತಣ್ಣಗೆ ಚರ್ಮದ ಹಾಗೆ ಆಗಿರುತ್ತದೆ. ಕಾವಲುಗಾರ ಕೇಳುತ್ತಾನೆ, "ಮೇಡಂ, ಇದು ತಿಂಡಿಯಾ ಊಟವಾ?" ಈ ಗಡಿಬಿಡಿ ಎಷ್ಟು ಚೆನ್ನಾಗಿ ಕಥೆಗೆ ಬರಬಹುದಿತ್ತು! ಪರವೂರಿನ ಹುಡುಗ ಹಸಿದು ಸಂಜೆ ಮೀರಿ ಬರುತ್ತಾನೆ, ಅಡಿಗೆ ಮನೆ ಮುಚ್ಚಿದೆ, ಅವಳು ಏನು ಮಾಡುತ್ತಾಳೆ? ಅಲ್ಲೇ ಇತ್ತಲ್ಲ ಪ್ರೇಮ.

ಮತ್ತೆ ಆಸ್ತಿಯ ವಿಷಯ. ಅವಳ ತಾಯಿ ಮೂಡಬಿದಿರೆಯವಳು ಅಂತ ಪುಸ್ತಕವೇ ಹೇಳುತ್ತದೆ. ನಮ್ಮ ತುಳುನಾಡಿನ ಜೈನರಲ್ಲಿ ಇದ್ದದ್ದು ಅಳಿಯಸಂತಾನ. ಮನೆತನ ತಾಯಿಯ ಕಡೆಯಿಂದ, ಹೆಣ್ಣಿನ ಸಾಲಿನಲ್ಲಿ ಇಳಿಯುತ್ತದೆ. ಅಪ್ಪ "ನಿನಗೆ ಕಾಸೂ ಕೊಡುವುದಿಲ್ಲ" ಅಂತ ಗುಡುಗಿದರೆ ಅವಳು ನಡುಗಬೇಕಾಗಿಲ್ಲ. ಹೆದರಬೇಕಾಗಿದ್ದು ಅಮ್ಮನ ಅಣ್ಣನಿಗೆ. ಆ ಮಾವ ಪುಸ್ತಕದಲ್ಲಿ ಒಂದೇ ಸಲ ಬರುತ್ತಾನೆ, ವೀಳ್ಯ ಹಾಕಿಕೊಂಡು ಹೋಗುತ್ತಾನೆ.

ಇಷ್ಟೆಲ್ಲ ಹೇಳಿ, ಚತುರ್ಮುಖ ಬಸದಿಯ ಅಧ್ಯಾಯ ಮಾತ್ರ ನನ್ನನ್ನು ಅಳಿಸಿತು. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿಂದ ಬರುತ್ತಾನೆ ಅಂತ ಗೊತ್ತಿಲ್ಲದೆ ಅವಳು ಸುತ್ತು ಹಾಕುತ್ತಾಳೆ. ನಾನು ಆ ಬಸದಿ ನೋಡಿದ್ದೇನೆ. ಕಾಡಿನ ಮಧ್ಯೆ, ಜನವೇ ಇಲ್ಲ. ಸುತ್ತಿದರೆ ನಿಜವಾಗಿಯೂ ಯಾವ ಕಡೆಯಿಂದ ಒಳಗೆ ಬಂದೆ ಅಂತ ಮರೆತುಹೋಗುತ್ತದೆ.

ಮಾಟುಂಗಾ ಮಧ್ಯಾಹ್ನ

ಮೀರಾ ರೋಡ್, ನೀವು ಇನ್ನೂ ಜಾಸ್ತಿ ಬರೆಯಬೇಕು.

ರಾಣಿಯ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರೇ ಅವಳನ್ನು ಮೆಣಸಿನ ರಾಣಿ ಅಂತ ಕರೆದರು. ಇಲ್ಲಿ ಅವಳು ಬರುವುದು ಎರಡು ಕಡೆ. ಒಂದು ಕಡೆ ಪ್ರೇಮಿಗಳನ್ನು ಹರಸುತ್ತಾಳೆ, ಇನ್ನೊಂದು ಕಡೆ ಕಣ್ಣೀರು ಒರೆಸಿಕೊಳ್ಳುತ್ತಾಳೆ. ವಿಜಯನಗರ 1565ರ ಜನವರಿ 23ರಂದು ಸೋತ ಸುದ್ದಿ ಬಂದಾಗ ಅವಳು ಅಳುತ್ತಾ ಕೂರುತ್ತಾಳಂತೆ. ಮೆಣಸು ಮಾರುವವಳು, ಮೇಲೆ ನೆರಳು ಕೊಡುತ್ತಿದ್ದ ದೊಡ್ಡ ಮರ ಬಿದ್ದಿದೆ, ಅತ್ತ ಗೋವೆಯಲ್ಲಿ ವಿಜಯನಗರಕ್ಕೆ ಕುದುರೆ ಮಾರುತ್ತಿದ್ದವರ ವ್ಯಾಪಾರವೇ ನೆಲ ಕಚ್ಚುತ್ತಿದೆ. ಆ ರಾತ್ರಿ ಅವಳು ಗುಮಾಸ್ತರನ್ನು ಕರೆಸಿ ಕೋಠಿಯಲ್ಲಿ ಎಷ್ಟು ಮೂಟೆ ಇದೆ ಅಂತ ಕೇಳಿರುತ್ತಾಳೆ. ಅಳುವುದಕ್ಕೆ ಎಲ್ಲಿ ಪುರುಸೊತ್ತು?

ನೆರುಳ್‌ನ ಕುಂದಾಪ್ರದವಳು

ಹೌದು ಹೌದು. ಕಳೆದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕುಮಟಾದಲ್ಲಿ ಇಳಿದು ಮಿರ್ಜಾನ್ ಕೋಟೆಗೆ ಹೋಗಿದ್ದೆವು. ರಾಣಿಯ ಹೆಸರು ಹೇಳಿದ್ದೇ ಮಗಳು ಕೇಳಿದಳು, "ಅವಳ ಗಂಡ ಯಾರು?" ನಮ್ಮೆಜಮಾನರು ಫೋನ್ ತೆಗೆದು ಹುಡುಕಲು ಶುರು ಮಾಡಿದರು. ನಾನು ಹೇಳಿದೆ, ಮೊದಲು ಕೋಟೆ ನೋಡಿ.

ಅರ್ಧ ಫಾರ್ಮ್

ನಾನು ಈ ಸರಣಿಗೆ ಹೊಸಬ, ಗಂಡಸು ಬೇರೆ, ನಗಬೇಡಿ. ಹೆಂಡತಿಗೆ ಅಂತ ತರಿಸಿದ್ದು, ಓದಿದ್ದು ನಾನು. ಮೂರನೆಯದರಿಂದಲೇ ಶುರು ಮಾಡಿದೆ. ಏನೂ ಗೊಂದಲ ಆಗಲಿಲ್ಲ. ಒಂದು ಮಾತು, ನಾಯಕನನ್ನು ಎಲ್ಲರೂ ಯಾಕೆ ಹೀಗೆ ಆಡಿಕೊಳ್ಳುತ್ತೀರಿ? ಅವನಷ್ಟು ಸಭ್ಯ ಹುಡುಗನನ್ನು ನಾನು ಕಥೆಗಳಲ್ಲಿ ಕಂಡಿಲ್ಲ. ಒಂದು ಸಲವೂ ಅವಳ ಮಾತು ಮೀರುವುದಿಲ್ಲ.

ಡೊಂಬಿವಲಿ ಫಾಸ್ಟ್

ಅಣ್ಣಾ, ಹಡಗಿನ ಕೋಣೆ?

ಅರ್ಧ ಫಾರ್ಮ್

ಯಾವ ಹಡಗಿನ ಕೋಣೆ?

ಬಸದಿ ಬೆಳಕು

ಅವಳನ್ನು "ನಿನ್ನ ಒಳ್ಳೆಯದಕ್ಕೇ" ಅಂತ ಹಡಗಿನ ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕುತ್ತಾನಲ್ಲ, ಎರಡು ರಾತ್ರಿ. ಅದನ್ನೇ ನೀವು ಸಭ್ಯತೆ ಅನ್ನುತ್ತಿದ್ದೀರಾ?

ಅರ್ಧ ಫಾರ್ಮ್

ಇರಿ ಇರಿ. ನನ್ನ ಪುಸ್ತಕ ತೆಗೆದು ನೋಡಿದೆ. 208 ಆದ ಮೇಲೆ ಮತ್ತೆ 193ರಿಂದ 208 ಬಂದಿದೆ, ಆಮೇಲೆ ನೇರ 225. ಎರಡನೇ ಸಲ ಬಂದಾಗ ಲೇಖಕಿ ಬೇಕೆಂದೇ ನೆನಪುಗಳನ್ನು ಮರುಕಳಿಸಿದ್ದಾರೆ ಅಂದುಕೊಂಡು, ಆಹಾ ಎಂಥ ತಂತ್ರ ಅಂತ ಮೆಚ್ಚಿಕೊಂಡೇ ಓದಿದೆ. ಆನ್‌ಲೈನ್‌ನಲ್ಲಿ ತರಿಸಿದ್ದು. ಮಾರಿದವರಿಗೆ ಫೋನ್ ಮಾಡಿದರೆ "ವಾಪಸು ಮಾಡುವ ಅವಧಿ ಮುಗಿದಿದೆ" ಅನ್ನುತ್ತಾರೆ. ಓದಿದ ಮೇಲಲ್ಲವೇ ಗೊತ್ತಾಗುವುದು?

ಕೋಥ್ರುಡ್ ಕಣ್ಣು

ಒಂದು ಫಾರ್ಮ್ ಹದಿನಾರು ಪುಟ. ಬೈಂಡಿಂಗ್‌ನಲ್ಲಿ ಒಂದರ ಬದಲು ಇನ್ನೊಂದು ಸೇರಿಸಿದ್ದಾರೆ. ನಾಯಕನ ಪುಣ್ಯ, ಸರಿಯಾಗಿ ಆ ಹದಿನಾರೇ ಪುಟ ಹೋಗಿದೆ.

ಡೊಂಬಿವಲಿ ಫಾಸ್ಟ್

ಬಿದ್ದು ಬಿದ್ದು ನಕ್ಕೆ. ಆದರೆ ನಾನು ಅವನ ಪರ ಒಂದು ಮಾತು ಹೇಳುತ್ತೇನೆ. ಗೋವೆಯಲ್ಲಿ 1560ರಲ್ಲಿ ಧರ್ಮ ತಪ್ಪಿದವರನ್ನು ಹಿಡಿದು ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಅದೇ ಇನ್‌ಕ್ವಿಸಿಷನ್ ಬಂದಿದೆ. ಅವನ ಅಮ್ಮ ಮತಾಂತರಗೊಂಡವಳು, ಹಳೇ ಪದ್ಧತಿ ಬಿಟ್ಟಿಲ್ಲ ಅಂತ ಯಾರಾದರೂ ಚಾಡಿ ಹೇಳಿದರೆ ಮುಗಿಯಿತು. ಅವಳು ಬಂದರಿನಲ್ಲಿ ಇಳಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಅದಕ್ಕೆ ಬೀಗ ಹಾಕಿದ. ಹೆದರಿಕೆ ಅದು, ದರ್ಪ ಅಲ್ಲ.

ಬಸದಿ ಬೆಳಕು

ಹೆದರಿಕೆ ಇದ್ದರೆ ಹೇಳಬಹುದಿತ್ತು. ಅವಳು ಮೂಟೆ ಅಲ್ಲ. ಮೆಣಸಿನ ದರ ಅವನಿಗಿಂತ ಚೆನ್ನಾಗಿ ಲೆಕ್ಕ ಹಾಕುವವಳು, ಅಪಾಯದ ಲೆಕ್ಕ ಹಾಕಲು ಬರುವುದಿಲ್ಲವಾ? "ಇಳಿದರೆ ನನ್ನ ಅಮ್ಮ ಸಾಯುತ್ತಾಳೆ" ಅಂದಿದ್ದರೆ ಅವಳೇ ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ನನಗೆ ಹೊಟ್ಟೆ ಉರಿದದ್ದು ಬೀಗಕ್ಕಲ್ಲ. ಬಾಗಿಲು ತೆರೆದ ಮೇಲೆ ಅವಳು ಅವನ ಎದೆಗೆ ಒರಗುತ್ತಾಳೆ. ಒಂದು ಬೈಗುಳ ಇಲ್ಲ. ನಮ್ಮ ಊರಿನ ಯಾವ ಹೆಂಗಸೂ ಹಾಗೆ ಸುಮ್ಮನಿರುವುದಿಲ್ಲ.

ನೆರುಳ್‌ನ ಕುಂದಾಪ್ರದವಳು

ನಮ್ಮ ಕಡೆಯವಳಾಗಿದ್ದರೆ ಮೊದಲ ಮಾತಿಗೇ ಅವನ ಏಳು ತಲೆಮಾರು ತೊಳೆದು ಒಣಗಿ ಹಾಕುತ್ತಿದ್ದಳು.

ವಾಸ್ಕೋ ಬಂದರು

ಇನ್‌ಕ್ವಿಸಿಷನ್ ವಿಷಯ ಬಂತಲ್ಲ. ವೈದ್ಯ ಗಾರ್ಸಿಯಾ ದ ಓರ್ತಾ ಬರುವ ಆರು ಪುಟ ಈ ಭಾಗದ ಚಿನ್ನ. ಗಿಡಮೂಲಿಕೆ ಪುಸ್ತಕ ಗೋವೆಯಲ್ಲಿ ಅಚ್ಚಾದದ್ದು 1563ರಲ್ಲಿ, ಅದು ಸರಿಯಾಗಿದೆ. ಹುಡುಗಿ ಅವನಿಗೆ ಮೆಣಸಿನ ಬಳ್ಳಿ ಮರಕ್ಕೆ ಹೇಗೆ ಹಬ್ಬುತ್ತದೆ ಅಂತ ಬೆರಳಲ್ಲಿ ತೋರಿಸುತ್ತಾಳೆ, ಮುದುಕ ಮಗುವಿನ ಹಾಗೆ ಕೇಳುತ್ತಾನೆ. ಅವನು ಯಹೂದಿ ಮೂಲದವನು ಅಂತ ಲೇಖಕಿ ಎಲ್ಲೂ ಹೇಳುವುದಿಲ್ಲ. ಬಾಗಿಲು ತಟ್ಟಿದಾಗಲೆಲ್ಲ ಅವನ ಕೈ ಪುಸ್ತಕ ಮುಚ್ಚುತ್ತದೆ, ಅಷ್ಟೇ. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ತಂಗಿಯನ್ನು ಸುಟ್ಟರು. 1580ರಲ್ಲಿ ಅವನ ಮೂಳೆಯನ್ನೂ ಅಗೆದು ತೆಗೆದು ಸುಟ್ಟರು. ಇದು ಗೊತ್ತಿದ್ದವರಿಗೆ ಆ ಆರು ಪುಟ ಓದುವುದು ಕಷ್ಟ.

ಮಾಟುಂಗಾ ಮಧ್ಯಾಹ್ನ

ಅದೇ ಓರ್ತಾ ನಮ್ಮ ಮುಂಬೈ ದ್ವೀಪವನ್ನೇ ಗುತ್ತಿಗೆಗೆ ಹಿಡಿದಿದ್ದ, ಗೊತ್ತಲ್ಲ? ಇಲ್ಲಿದ್ದ ಅವನ ಮಾವಿನ ಮರ ವರ್ಷಕ್ಕೆ ಎರಡು ಸಲ ಕಾಯಿ ಬಿಡುತ್ತದೆ ಅಂತ ಬರೆದುಕೊಂಡಿದ್ದಾನೆ. ಇವತ್ತು ಒಂದು ಡಜನ್ ಹಾಪೂಸ್ ಬೆಲೆ ಕೇಳಿದರೆ ಅವನಿಗೂ ಜ್ವರ ಬರುತ್ತಿತ್ತು. ನೂರು ವರ್ಷ ಕಳೆದು 1661ರಲ್ಲಿ ಇದೇ ಊರು ಪೋರ್ಚುಗೀಸ್ ರಾಜಕುಮಾರಿಯ ಬಳುವಳಿಯಾಗಿ ಇಂಗ್ಲಿಷ್ ರಾಜನ ಪಾಲಾಯಿತು. ನಾಲ್ಕನೇ ಭಾಗ ಬಂದರೆ ಅದನ್ನೇ ಬರೆಯಲಿ.

ಈಗ ನನ್ನ ಕಾಗದದ ವಿಷಯಕ್ಕೆ ಬರುತ್ತೇನೆ, ಬಿಡುವುದಿಲ್ಲ. ಬೆಳಿಗ್ಗೆ ಹಾಲಿನವನ ಬಿಲ್ ಹಿಂದೆ ಲೆಕ್ಕ ಹಾಕಿದೆ. ಲಿಸ್ಬನ್‌ನಿಂದ ಹಡಗು ಹೊರಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಗೋವೆ ಮುಟ್ಟುವುದು ಸೆಪ್ಟೆಂಬರ್ ಹೊತ್ತಿಗೆ. ಗೋವೆಯಿಂದ ವಾಪಸು ಹೊರಡುವುದು ಡಿಸೆಂಬರ್, ಜನವರಿಯಲ್ಲಿ. ಎಲ್ಲ ಗಾಳಿಯ ಲೆಕ್ಕ, ತಪ್ಪಿದರೆ ಮತ್ತೆ ಒಂದು ವರ್ಷ. ನಮ್ಮ ಹುಡುಗ 1563ರ ಜನವರಿಯಲ್ಲಿ ಹೊರಟ. ಅವಳು ಕಾಗದ ಬರೆದದ್ದು ಯುಗಾದಿಗೆ. ಆ ವರ್ಷದ ಹಡಗು ಹೋಗಿಯಾಯಿತು, ಕಾಗದ ಪೆಟ್ಟಿಗೆಯಲ್ಲಿ ಕೂತು 1564ರ ಜನವರಿಗೆ ಹೊರಡುತ್ತದೆ. ಅವನು ಲಿಸ್ಬನ್‌ನಲ್ಲಿ ಕೆಲಸ ಮುಗಿಸಿ 1564ರ ಮಾರ್ಚ್‌ನಲ್ಲಿ ವಾಪಸು ಹಡಗು ಹತ್ತುತ್ತಾನೆ.

ಅಂದರೆ ಅವಳ ಕಾಗದ ಆ ಕಡೆಗೆ, ಅವನು ಈ ಕಡೆಗೆ. ಆಫ್ರಿಕಾದ ಆಚೆ ಎಲ್ಲೋ ನಡುಗಡಲಲ್ಲಿ ಎರಡು ಹಡಗು ಒಂದನ್ನೊಂದು ದಾಟಿಹೋಗುತ್ತವೆ. ಒಂದರಲ್ಲಿ ಅವಳು "ಬಾ" ಅಂತ ಬರೆದದ್ದು, ಇನ್ನೊಂದರಲ್ಲಿ ಅದನ್ನು ಓದದೆಯೇ ಹೊರಟು ಬಂದವನು. ಇತಿಹಾಸವೇ ಇಷ್ಟು ಕೈಗೆತ್ತಿ ಕೊಟ್ಟಿರುವಾಗ ನಾಲ್ಕು ತಿಂಗಳಲ್ಲಿ ಉತ್ತರ ತರಿಸಿ ಮುಗಿಸಿದರಲ್ಲ! ನನ್ನ ಸಿಟ್ಟು ಅದು. ತಪ್ಪು ಹುಡುಕುವ ಚಟ ಅಲ್ಲ.

ಡೊಂಬಿವಲಿ ಫಾಸ್ಟ್

ಅಯ್ಯೋ ದೇವರೇ. ಸರಿ. ಒಪ್ಪಿದೆ. ಇದನ್ನು ಅಮ್ಮನಿಗೆ ಓದಿ ಹೇಳಿದೆ, ಅವರು ಒಂದು ನಿಮಿಷ ಮಾತೇ ಆಡಲಿಲ್ಲ. ಅಪ್ಪ ಮಸ್ಕತ್‌ನಲ್ಲಿದ್ದಾಗ ಹೀಗೇ ಆಗಿತ್ತಂತೆ, ಅಪ್ಪ ರಜೆಗೆ ಮನೆಗೆ ಬಂದು ಕೂತ ಮೇಲೆ ಅವರ ಕಾಗದ ಬಂದಿತ್ತಂತೆ.

ಕೋಥ್ರುಡ್ ಕಣ್ಣು

ಹೊರ್ಮುಜ್, ಬಸ್ರಾ ಮೂಲಕ ನೆಲದ ದಾರಿಯಲ್ಲೂ ತುರ್ತು ಕಾಗದ ಹೋಗುತ್ತಿದ್ದವು. ಆದರೆ ಅವು ಗವರ್ನರುಗಳ ಕಾಗದ. ಪ್ರೇಮಪತ್ರಕ್ಕೆ ಯಾರು ಒಂಟೆ ಕೊಡುತ್ತಾರೆ? ನಾನೂ ಮಾಟುಂಗಾ ಪಕ್ಷಕ್ಕೆ ಬಂದೆ.

ಅರ್ಧ ಫಾರ್ಮ್

ಯಾರಾದರೂ ಆ ಹದಿನಾರು ಪುಟದ ಫೋಟೋ ಕಳಿಸುತ್ತೀರಾ?

ನೆರುಳ್‌ನ ಕುಂದಾಪ್ರದವಳು

ಫೋಟೋ ಬೇಡ, ಪುಸ್ತಕವೇ ಕೊಡುತ್ತೇನೆ. ಶನಿವಾರ ಸಂಜೆ ಮಾಟುಂಗಾಕ್ಕೆ ನಾಟಕ ನೋಡಲು ಬರುತ್ತೇನೆ. ಪುಟ 61ರಲ್ಲಿ ಸಾರಿನ ಕಲೆ ಇದೆ, ಅದು ನನ್ನದು.

ಅರ್ಧ ಫಾರ್ಮ್

ಭಾನುವಾರ ರಾತ್ರಿ. ಓದಿದೆ. ಅವಳು ಎಷ್ಟು ಸಲ ಬಾಗಿಲು ಬಡಿಯುತ್ತಾಳೆ ಅಂತ ಲೇಖಕಿ ಎಣಿಸಿ ಬರೆದಿದ್ದಾರೆ. ಆಮೇಲೆ ನನ್ನ ಪ್ರತಿಯಲ್ಲೇ ಪುಟ 225 ಮತ್ತೆ ತೆಗೆದೆ. ಅಲ್ಲಿ ಅವಳ ಬಲಗೈಗೆ ಬಟ್ಟೆ ಸುತ್ತಿರುತ್ತದೆ. ಮೊದಲ ಸಲ ಓದಿದಾಗ, ಮೆಣಸು ಕೇರುವಾಗ ಮೊರ ತಾಗಿರಬೇಕು ಅಂದುಕೊಂಡಿದ್ದೆ.